ಫೋಟೋದಾಗ ಕಾಣದ ಬ್ಯಾನಿ

ಗಡಹಿಂಗ್ಲಜದ ಈ ಮನೆಗೆ ಬಂದ ಮೇಲೆ ಮಧ್ಯಾಹ್ನದ ಊಟ ಆಗುತ್ತಲೇ ಕಣ್ಣು ಎಳೆಯುತ್ತವೆ. ಪೂರ್ತಿ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಆ ಹೊತ್ತಿಗೆ ಯಾರೋ ಬಾಗಿಲ ಪರದೆ ಸರಿಸಿ ಒಳಗೆ ಬಂದು ಎದುರಿನ ಸ್ಟೂಲಿನ ಮೇಲೆ ಕುಳಿತಂತಾಗುತ್ತದೆ. ಮುಖ ಕಾಣುವುದಿಲ್ಲ, ಧ್ವನಿ ಮಾತ್ರ ಬರುತ್ತದೆ. "ಬಾಯಾರ, ಮೈಯೆಲ್ಲಾ ನೂಸಾಕತ್ತೈತ್ರಿ." ನಾಡಿ ನೋಡೋಣವೆಂದು ಕೈ ಚಾಚುತ್ತೇನೆ. ಕೈಗೆ ಹಾಸಿಗೆಯ ಚಾದರ ಸಿಗುತ್ತದೆ.

ದವಾಖಾನೆ ಬಿಟ್ಟು ಬಂದರೂ ರೋಗಿಗಳು ನನ್ನನ್ನು ಬಿಟ್ಟಿಲ್ಲ. ನಾನು ಇಚಲಕರಂಜಿಯಲ್ಲಿ ಸಣ್ಣ ದವಾಖಾನೆ ನಡೆಸಿದವಳು, ಅಲ್ಲಿಯ ಜನಕ್ಕೆ ಡಾಕ್ಟರ್ ಬಾಯಾರು. ಆಪರೇಷನ್ ಮಾಡಿದ್ದಿಲ್ಲ, ದೊಡ್ಡ ಆಸ್ಪತ್ರೆ ಕಟ್ಟಿದ್ದಿಲ್ಲ. ಜ್ವರ, ಕೆಮ್ಮು, ಬಿಪಿ, ಸಕ್ಕರೆ ಕಾಯಿಲೆ, ಕೂಸುಗಳ ಹೊಟ್ಟೆನೋವು, ಇಷ್ಟರಲ್ಲೇ ಆಯುಷ್ಯ ಕಳೆಯಿತು. ನಮ್ಮೂರು ನೂಲ, ಆ ಕಡೆಯ ಹುಡುಗಿಯರು ಈಗ ಡಾಕ್ಟರಾಗಿ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಹೋಗುತ್ತಿದ್ದಾರೆ. ಎದೆನೋವು ಬಂದವನನ್ನು ಹೇಗೆ ಉಳಿಸಬೇಕು ಅನ್ನುವುದು ಅವರಿಗೆ ಗೊತ್ತು. ಆದರೆ ಮೈಯೆಲ್ಲ ನೋಯುತ್ತದೆ ಅನ್ನುವ ಹೆಣ್ಣುಮಗಳು ಎದುರು ಬಂದು ಕೂತರೆ ಏನು ಮಾಡಬೇಕು ಅಂತ ಒಬ್ಬಾಕೆ ಮೊನ್ನೆ ಬಂದು ಕೇಳಿದಳು. ಅವಳಿಗೆ ಬಾಯಿಂದ ಹೇಳಿದ್ದು ಸಾಲಲಿಲ್ಲ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ದವಾಖಾನೆ ಮಗ್ಗದ ಶೆಡ್ಡುಗಳ ನಡುವೆ ಇತ್ತು. ಎರಡೂ ಬದಿಗೆ ಗೋಡೆಯ ಆಚೆ ಮಗ್ಗಗಳು ಬಡಿಯುತ್ತಿದ್ದವು. ಟೇಬಲ್ಲಿನ ಮೇಲಿಟ್ಟ ಗ್ಲಾಸಿನ ನೀರಿನಲ್ಲಿ ಸದಾ ಸಣ್ಣ ಸಣ್ಣ ಉಂಗುರ. ಸ್ಟೆಥೋಸ್ಕೋಪ್ ಇಟ್ಟರೆ ಎದೆಯ ಬಡಿತದ ಹಿಂದೆ ಮಗ್ಗದ ಬಡಿತ ಕೇಳುತ್ತಿತ್ತು. ಬೆಳಗಿನ ಬಿಸಿಲು ಕಿಟಕಿಯಿಂದ ಬಿದ್ದಾಗ ಅದರೊಳಗೆ ಅರಳೆಯ ಎಳೆಗಳು ಎಲ್ಲಿಗೂ ಹೋಗುವ ಅವಸರವಿಲ್ಲದೆ ತೇಲುತ್ತಿದ್ದವು. ರೋಗಿಯ ಮಾತು ಕೇಳುತ್ತ ನಾನು ಎಷ್ಟೋ ಸಲ ಅವನ್ನೇ ನೋಡುತ್ತ ಕೂತಿರುತ್ತಿದ್ದೆ. ಕರೆಂಟು ಹೋದಾಗ ಮಗ್ಗಗಳೆಲ್ಲ ಒಟ್ಟಿಗೆ ನಿಂತುಬಿಡುತ್ತಿದ್ದವು. ಅಷ್ಟು ಹೊತ್ತು ಕೂಗಿ ಮಾತಾಡುತ್ತಿದ್ದವರು ತಮ್ಮ ಧ್ವನಿಗೆ ತಾವೇ ಬೆಚ್ಚಿ ಪಿಸುಗುಟ್ಟತೊಡಗುತ್ತಿದ್ದರು. ಖರೇ ಮಾತು ಹೊರಗೆ ಬರುತ್ತಿದ್ದದ್ದು ಆಗಲೇ.

ದವಾಖಾನೆ ಮೊದಲು ದಾದಾ ಡಾಕ್ಟರದು. ಊರೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು. ನಾನು ಕಾಲೇಜು ಮುಗಿಸಿ ಬಂದಾಗ ಅವರ ಕೈಕೆಳಗೆ ಸೇರಿಕೊಂಡೆ. ಮಾತಿಗೆ ಮೊದಲು ರೋಗಿಯ ಕೈ ಹಿಡಿ, ಕೈಯೇ ಅರ್ಧ ಹೇಳುತ್ತದೆ ಅನ್ನುವುದನ್ನು ಕಲಿಸಿದವರು ಅವರು. ಆದರೆ ಮೈಯೆಲ್ಲ ನೋವು ಅಂತ ಬಂದವರನ್ನು ಕಂಡರೆ ಮಾತ್ರ ದಾದಾ ಅವರ ತಾಳ್ಮೆ ಕಡಿಮೆಯಾಗುತ್ತಿತ್ತು. "ಸಗಳಂ ಅಂಗ!" ಅಂತ ಮರಾಠಿಯಲ್ಲಿ ಕಂಪೌಂಡರನಿಗೆ ಕೂಗುತ್ತಿದ್ದರು, ಇಡೀ ಮೈ ಅಂತ. ಅದು ಆ ರೋಗಿಯ ಹೆಸರು, ಅದೇ ರೋಗದ ಹೆಸರು, ಔಷಧದ ಹೆಸರೂ ಅದೇ. ಕಂಪೌಂಡರ್ ಕೆಂಪು ಬಣ್ಣದ ವಿಟಮಿನ್ ಇಂಜೆಕ್ಷನ್ ತುಂಬುತ್ತಿದ್ದ. ಚುಚ್ಚಿದ ಜಾಗ ಎಷ್ಟು ನೋಯುತ್ತಿತ್ತೆಂದರೆ ಉಳಿದ ಮೈ ಒಂದು ದಿನದ ಮಟ್ಟಿಗೆ ಮರೆತುಹೋಗುತ್ತಿತ್ತು. ವಯಸ್ಸಾದ ಮೇಲೆ ದಾದಾ ದವಾಖಾನೆಯನ್ನು ನನಗೆ ಒಪ್ಪಿಸಿದರು. ಆದರೂ ಬೆಳಿಗ್ಗೆ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಪೇಪರ್ ಓದುತ್ತ ಕೂಡುವುದನ್ನು ಬಿಡಲಿಲ್ಲ. ಓದುವುದು ಹೆಸರಿಗೆ, ಕಿವಿಯೆಲ್ಲ ನನ್ನ ಟೇಬಲ್ಲಿನ ಮೇಲೆ.

ಲಗಮವ್ವ ಬಂದದ್ದು ಅಂಥದೊಂದು ಬೆಳಿಗ್ಗೆ, ಅತ್ತೆ ಕಲ್ಲವ್ವನ ಹಿಂದೆ. ಮೂವತ್ತು ದಾಟಿರದ ಹೆಣ್ಣುಮಗಳು. ಅವಳ ಗಂಡ ಸಿದ್ದಪ್ಪ ನಮ್ಮ ಪಕ್ಕದ ಶೆಡ್ಡಿನಲ್ಲೇ ಮಗ್ಗ ನಡೆಸುತ್ತಿದ್ದ. ಅವಳು ಕಾಂಡಿ ತುಂಬುತ್ತಿದ್ದಳು. ಕಾಂಡಿ ಅಂದರೆ ಲಾಳಿಯೊಳಗೆ ಕೂಡಿಸುವ ನೂಲಿನ ಸಣ್ಣ ಕೊಳವೆ. ಮಗ್ಗಕ್ಕೆ ಹೊಟ್ಟೆ ದೊಡ್ಡದು, ಎಷ್ಟು ಕಾಂಡಿ ತುಂಬಿದರೂ ಸಾಕಾಗದು. ಇಡೀ ದಿನ ನಿಂತೇ ಆ ಕೆಲಸ.

ಮಾತು ಶುರು ಮಾಡಿದ್ದು ಅತ್ತೆ. "ಈಕಿಗೆ ಏನ ಆಗೇತಿ ನೋಡ್ರಿ ಬಾಯಾರ. ಎಕ್ಸರೇ ಫೋಟೋ ತಗಸೇವಿ, ಮಿಷಿನ್‌ದಾಗ ಮಲಗಿಸಿ ದೊಡ್ಡ ಫೋಟೋನೂ ತಗಸೇವಿ. ರಕ್ತಾ ತಪಾಸ ಮಾಡ್ಯಾರ. ಏನೂ ಇಲ್ಲಂತ. ಏನೂ ಇಲ್ಲಾಂದ್ರ ಮುಂಜಾನೆ ಏಳಾಕ ಯಾಕ ಆಗೂದಿಲ್ಲ?"

ನಾನು ಲಗಮವ್ವನನ್ನು ಕೇಳಿದೆ. "ಎಲ್ಲಿ ನೂಸ್ತೈತೆವ್ವಾ?"

"ಎಲ್ಲಿ ಅಂತ ಹೇಳ್ಲಿ ರೀ? ಇವತ್ತ ಹೆಗಲದಾಗ, ನಾಳೆ ತೊಡಿಯಾಗ. ಒಮ್ಮೊಮ್ಮೆ ಕೂದಲಾ ಬಾಚಿಕೊಂಡ್ರೂ ನೂಸ್ತೈತಿ."

ಅವಳ ಕೀಲುಗಳನ್ನು ಒಂದೊಂದಾಗಿ ನೋಡಿದೆ. ಬಾವಿಲ್ಲ, ಬಿಸಿಯಿಲ್ಲ. ಬಿಪಿ ನೋಡಲೆಂದು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದೆ. ಲಗಮವ್ವ ತುಟಿ ಕಚ್ಚಿ ಕಣ್ಣು ಮುಚ್ಚಿಕೊಂಡಳು. ಆ ಪಟ್ಟಿಯಿಂದ ಯಾರಿಗೂ ಅಷ್ಟು ನೋವಾಗುವುದಿಲ್ಲ. ಎಷ್ಟೋ ಸಾವಿರ ತೋಳಿಗೆ ಅದನ್ನು ಸುತ್ತಿದವಳು ನಾನು.

"ನಿದ್ದಿ ಹತ್ತತೈತೇನು?" ಅಂದೆ.

ಅಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳು ನಿಂತವು. ಆ ಮೌನದಲ್ಲಿ ಲಗಮವ್ವ ಮೆಲ್ಲಗೆ ಹೇಳಿದಳು, "ನಿದ್ದಿ ಹತ್ತತೈತ್ರಿ. ಆದ್ರ ನಿದ್ದ್ಯಾಗೂ ಕಾಂಡಿ ತುಂಬತಿರ್ತೇನಿ. ಬಿಳೀ ನೂಲು, ಎಲ್ಲಾ ಬಿಳೀ. ಎಷ್ಟ ತುಂಬಿದ್ರೂ ಮುಗಿಯೂದಿಲ್ಲ. ಮುಂಜಾನೆ ಎದ್ರ, ರಾತ್ರಿಯೆಲ್ಲಾ ಖರೇನ ಪಾಳಿ ಮಾಡಿ ಬಂದಂಗ ಆಗಿರ್ತೈತಿ." ಇನ್ನೊಂದು ಮಾತು ಸೇರಿಸಿದಳು. "ಮಗಳು ಮೈಮ್ಯಾಲೆ ಬಿದ್ರ ದೂಡಿಬಿಡ್ತೇನ್ರಿ. ಅದು ಅಳತೈತಿ. ನನಗೂ ಅಳು ಬರತೈತಿ."

ಥೈರಾಯ್ಡ್, ರಕ್ತಹೀನತೆ, ಸಂಧಿವಾತ, ಬಿಟ್ಟುಹೋದದ್ದು ಯಾವುದಾದರೂ ಇದೆಯೇ ಎಂದು ನಾನೂ ಒಮ್ಮೆ ಪರೀಕ್ಷೆ ಮಾಡಿಸಿದೆ. ಎಲ್ಲ ಸರಿಯಾಗಿತ್ತು. ನೋವಿನ ಗುಳಿಗೆ ಕೊಟ್ಟು ನೋಡಿದೆ. ಹೊಟ್ಟೆ ಉರಿಯಿತೇ ಹೊರತು ನೋವು ಅಲುಗಲಿಲ್ಲ. ರಿಪೋರ್ಟು ಚೆನ್ನಾಗಿದೆ ಅಂತ ಹೇಳಿದ ದಿನ ಬೇರೆಯವರಾಗಿದ್ದರೆ ನಗುತ್ತಿದ್ದರು. ಲಗಮವ್ವನ ಕಣ್ಣು ತುಂಬಿದವು. "ಹಂಗಾರ ನನಗ ಏನೂ ಆಗಿಲ್ಲೇನ್ರಿ?" ಅಂದಳು. ಅವಳು ಹೋದ ಮೇಲೆ ದಾದಾ ಪೇಪರಿನ ಹಿಂದಿನಿಂದ "ಸಗಳಂ ಅಂಗ" ಅಂದರು, ಈ ಸಲ ಮೆಲ್ಲಗೆ.

ಆ ದಿನಗಳಲ್ಲಿ ಕೊಲ್ಹಾಪುರದಲ್ಲಿ ನಮ್ಮಂಥ ಸಣ್ಣ ಡಾಕ್ಟರುಗಳಿಗಾಗಿ ಭಾನುವಾರ ಉಪನ್ಯಾಸ ಇಡುತ್ತಿದ್ದರು. ಹೆಚ್ಚಿನವರು ಊಟದ ಹೊತ್ತಿಗೆ ಬರುತ್ತಿದ್ದರು. ನಾನು ಆ ಸಲ ಬೇಗ ಹೋಗಿದ್ದೆ. ಸಂಧಿವಾತದ ತಜ್ಞೆಯೊಬ್ಬರು, ನನಗಿಂತ ಚಿಕ್ಕವರು, ಫೈಬ್ರೊಮಯಾಲ್ಜಿಯಾ ಅನ್ನುವ ಕಾಯಿಲೆಯ ಬಗ್ಗೆ ಮಾತಾಡಿದರು. ಹೆಸರು ಪುಸ್ತಕದಲ್ಲಿ ಓದಿದ್ದೆ, ಅದು ದೂರದೇಶದವರ ಕಾಯಿಲೆ ಅಂದುಕೊಂಡಿದ್ದೆ. ಮೈತುಂಬ ನೋವು ಇರುತ್ತದೆ, ಸ್ನಾಯುವಿನಲ್ಲಾಗಲಿ ಎಲುಬಿನಲ್ಲಾಗಲಿ ಪೆಟ್ಟಿರುವುದಿಲ್ಲ ಅಂದರು. ಮಲಗಿದರೂ ದಣಿವು ಆರುವುದಿಲ್ಲ. ತಲೆಯೊಳಗೆ ಮಂಜು ಕವಿದಂತೆ ಇರುತ್ತದೆ. ನೋವನ್ನು ತಿಳಿಸುವ ನರಗಳ ವ್ಯವಸ್ಥೆಯೇ ಅತಿ ಸೂಕ್ಷ್ಮವಾಗಿಬಿಟ್ಟಿರುತ್ತದೆ, ಸಣ್ಣ ಸ್ಪರ್ಶವನ್ನೂ ಪೆಟ್ಟು ಅಂತ ಓದುತ್ತದೆ. "ಕೆಲವರಿಗೆ ಬಿಪಿ ಪಟ್ಟಿ ಸಹ ತಾಳುವುದಿಲ್ಲ" ಅಂದಾಗ ನಾನು ಪೆನ್ನು ಕೆಳಗಿಟ್ಟೆ.

ಸಂಜೆ ಬಸ್ಸಿನಲ್ಲಿ ಇಚಲಕರಂಜಿಗೆ ಮರಳುವಾಗ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೊರಗೆ ಕಬ್ಬಿನ ಗದ್ದೆಗಳ ಮೇಲೆ ತೆಳ್ಳನೆಯ ಹೊಗೆ ಹಾಸಿತ್ತು. ಬಸ್ಸು ತೂಗುತ್ತಿತ್ತು. ಕಣ್ಣು ಮುಚ್ಚಿದರೆ ಒಬ್ಬೊಬ್ಬರಾಗಿ ಹೆಣ್ಣುಮಕ್ಕಳು ಬರತೊಡಗಿದರು. ಶಿರೋಳದಿಂದ ಬಂದು ಪ್ರತಿ ಸಲ ಬೇರೆ ಜಾಗ ತೋರಿಸುತ್ತಿದ್ದಾಕೆ, ಸೆರಗಿನ ಭಾರವೂ ಹೆಗಲಿಗೆ ಆಗದು ಅನ್ನುತ್ತಿದ್ದಾಕೆ, ಏನೂ ಹೇಳದೆ ಸುಮ್ಮನೆ ಕೂತು ಎದ್ದು ಹೋಗುತ್ತಿದ್ದ ಮುದುಕಿ. ಅವರೆಲ್ಲ ಹೊಗೆಯೊಳಗಿಂದ ನಡೆದು ಬಸ್ಸಿನ ಜತೆಗೇ ಬರುತ್ತಿದ್ದಂತೆ ಕಂಡರು. ಇಳಿಯುವ ಊರು ಬಂದಾಗ ಕಂಡಕ್ಟರ್ ನನ್ನನ್ನು ಕೂಗಿ ಎಬ್ಬಿಸಬೇಕಾಯಿತು.

ಮರುವಾರ ಲಗಮವ್ವನಿಗೆ ಹೇಳಿದೆ, "ನಿನಗಾಗಿದ್ದಕ್ಕ ಒಂದ ಹೆಸರೈತಿ." ಹೆಸರು ಹೇಳಿದೆ. ಅವಳ ನಾಲಿಗೆಗೆ ಅದು ತಿರುಗಲಿಲ್ಲ. "ಹೆಸರೈತಿ ಅಂದ್ರ ಬ್ಯಾರೆಯವರಿಗೂ ಐತೇನ್ರಿ?" ಅಂತಷ್ಟೇ ಕೇಳಿದಳು. ಹೌದು ಅಂದೆ. ಅವಳು ಉಸಿರು ಬಿಟ್ಟದ್ದು ಮಗ್ಗದ ಸದ್ದಿನಲ್ಲೂ ಕೇಳಿಸಿತು.

ದಾದಾ ಅವರಿಗೆ ಇದು ಸರಿಬರಲಿಲ್ಲ. "ಹೆಸರ ಕೊಡಬ್ಯಾಡ ತಾಯಿ" ಅಂದರು. "ಹೆಸರ ಕೊಟ್ರ ರೋಗ ಗಟ್ಟಿಯಾಗಿ ಕೂಡ್ತದ. ಜನ ಹಾಸಿಗಿ ಹಿಡೀತಾರ." ಅವರ ಮಾತು ಪೂರ್ತಿ ತಪ್ಪಲ್ಲ. ಮುಂದೆ ಶಾಲೆಯ ಟೀಚರೊಬ್ಬರು ಬಂದಿದ್ದರು. ಅವರು ಅದೇ ಹೆಸರನ್ನು ಮೊಬೈಲಿನಲ್ಲಿ ಹುಡುಕಿ, ಇದು ಹೋಗುವುದೇ ಇಲ್ಲವಂತೆ ಅಂತ ರಜೆ ಹಾಕಿ ಮಲಗಿಬಿಟ್ಟರು. ಅವರನ್ನು ಮತ್ತೆ ಅಂಗಳಕ್ಕೆ ತರುವುದಕ್ಕೆ ಬಹಳ ದಿನ ಹಿಡಿಯಿತು. ಹೆಸರಿನ ಜತೆಗೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅನ್ನುವುದನ್ನೂ ಅದೇ ಕೂತಲ್ಲಿ ಹೇಳಬೇಕು. ಬರೀ ಹೆಸರು ಕೈಗೆ ಕೊಟ್ಟು ಕಳಿಸಬಾರದು.

ಲಗಮವ್ವನಿಗೆ ಸಂಜೆ ಊಟದ ಹೊತ್ತಿಗೆ ತೆಗೆದುಕೊಳ್ಳುವ ಒಂದು ಗುಳಿಗೆ ಬರೆದುಕೊಟ್ಟೆ. ಮನಸ್ಸಿನ ಖಿನ್ನತೆಗೆ ಕೊಡುವ ಹಳೆಯ ಔಷಧ ಅದು. ಬಹಳ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಕೆಲವರಿಗೆ ನಿದ್ದೆ ಆಳವಾಗುತ್ತದೆ, ನೋವೂ ಸ್ವಲ್ಪ ತಗ್ಗುತ್ತದೆ. ಬಾಯಿ ಒಣಗಬಹುದು, ಬೆಳಿಗ್ಗೆ ಮಂಪರು ಬರಬಹುದು, ಹೆದರಬೇಡ ಅಂತಲೂ ಹೇಳಿದೆ.

ಎರಡು ದಿನ ಬಿಟ್ಟು ಕಲ್ಲವ್ವ ಒಬ್ಬಳೇ ಬಂದಳು. ಬಾಗಿಲಲ್ಲೇ ನಿಂತು ಗುಳಿಗೆಯ ಚೀಟಿಯನ್ನು ಟೇಬಲ್ಲಿನ ಮೇಲೆ ಒಗೆದಳು. "ನಮ್ಮ ಸೊಸಿಗೆ ಹುಚ್ಚಿನ ಗುಳಿಗಿ ಕೊಟ್ಟೀರೇನ? ಔಷಧದ ಅಂಗಡಿಯಂವಾ ಹೇಳ್ಯಾನ, ಇದು ತಲೀ ಕೆಟ್ಟವರಿಗೆ ಕೊಡೂದಂತ. ಓಣ್ಯಾಗೆಲ್ಲಾ ಸುದ್ದಿ ಆಗೇತಿ. ಆಕಿ ತೌರಿನವರು ಮದಲ ಹೇಳಿದ್ರ ನಾವ ಹುಚ್ಚೀನ ಮನಿಗೆ ತರತಿದ್ದಿಲ್ಲ!"

"ಹುಚ್ಚಲ್ಲವ್ವಾ, ಕೂಡು, ಹೇಳ್ತೇನಿ" ಅಂದೆ.

"ಕೂಡೂದೇನೈತಿ? ಆಕಿನ್ನ ಕೋವಾಡದ ಕಡಿ ತೌರುಮನಿಗೆ ಕಳಿಸೇವಿ. ನಮ್ಮ ಸಿದ್ದಪ್ಪಗ ಬ್ಯಾರೆ ಹೆಣ್ಣ ನೋಡ್ತೇವಿ."

ಅವಳು ಹೊರಟುಹೋದಳು. ಕಿಟಕಿಯ ಬಿಸಿಲಿನಲ್ಲಿ ಅರಳೆಯ ಎಳೆಗಳು ಎಂದಿನಂತೆ ತೇಲುತ್ತಿದ್ದವು. ದಾದಾ ಪೇಪರ್ ಮಡಿಚಿಟ್ಟು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಅಂದುಕೊಂಡಿದ್ದೆ. "ಗಂಡನ್ನ ಕರಸು" ಅಂದರು.

ಕರೆಸಬೇಕಾಗಲಿಲ್ಲ. ಪಾಳಿ ಮುಗಿಸಿ ಸಿದ್ದಪ್ಪ ತಾನೇ ಬಂದ. ತಲೆ, ಹುಬ್ಬು, ಮೀಸೆಯ ಮೇಲೆಲ್ಲ ಬಿಳೀ ಅರಳೆ ಕೂತು ಅಕಾಲ ಮುದುಕನ ಹಾಗೆ ಕಾಣುತ್ತಿದ್ದ. ಸ್ಟೂಲಿನ ತುದಿಗೆ ಕೂತು ನೆಲ ನೋಡುತ್ತ ಕೇಳಿದ.

"ಖರೇ ಹೇಳ್ರಿ ಬಾಯಾರ. ಆಕಿ ನಾಟಕ ಮಾಡಾಕತ್ತಾಳೇನ್ರಿ?"

"ನಿನ್ನ ಮಗ್ಗದಾಗ ನೂಲ ಹರದ್ರ ಏನಾಗತೈತಿ?" ಅಂದೆ.

"ಮಗ್ಗಾ ತಂತಾನ ನಿಂದರತೈತ್ರಿ."

"ನೂಲ ಹರೀದನ ಮಗ್ಗ ನಿಂತ್ರ?"

"ಹಂಗೂ ಆಗತೈತ್ರಿ ಒಮ್ಮೊಮ್ಮೆ. ನಿಂದರಸೂ ಕಡ್ಡಿ ಭಾಳ ಹಗರ ಆಗಿದ್ರ ಸುಮ್ಮಸುಮ್ಮನ ನಿಂದರತೈತಿ. ಅರಬಿ ನೋಡಿದ್ರ ಏನೂ ಆಗಿರೂದಿಲ್ಲ."

"ಅವಾಗ ಮಗ್ಗ ನಾಟಕ ಮಾಡತೈತಿ ಅಂತೀಯೇನು?"

ಸಿದ್ದಪ್ಪ ತಲೆ ಎತ್ತಿದ. "ಅಂದ್ರ ಮೈಯಾಗ ಏನೂ ಹರದಿಲ್ಲ, ಆದ್ರ ಬ್ಯಾನಿ ಖರೇ" ಅಂದ.

"ಖರೇ. ಆಕಿಗೆ ಹುಚ್ಚೂ ಹಿಡದಿಲ್ಲ. ಆ ಗುಳಿಗಿ ಸಣ್ಣ ಪ್ರಮಾಣದಾಗ ನಿದ್ದಿಗೆ, ನರದ ಬ್ಯಾನಿಗೆ ಕೊಟ್ಟದ್ದು."

ಅವನು ಅಂಗೈಯಿಂದ ಮುಖ ಒರೆಸಿಕೊಂಡ. ಅರಳೆ ಕೆನ್ನೆಗೆ ಮೆತ್ತಿಕೊಂಡಿತು. "ಭಾಳ ಅಂದೇನ್ರಿ ಆಕಿಗೆ. ಆದ್ರ ನಾ ಹ್ವಾದ್ರ ಮಾವ ಬಾಗಲದಾಗ ನಿಂದರಸ್ತಾನ. ನೀವೂ ಬರ್ರಿ."

ಭಾನುವಾರ ನಾನು ಹೇಗೂ ನೂಲಕ್ಕೆ ಹೋಗುವವಳಿದ್ದೆ. ಹಾಗೇ ಮುಂದೆ ಕೋವಾಡದ ಬಸ್ ಹಿಡಿದೆವು, ನಾನು, ಸಿದ್ದಪ್ಪ, ಅವನ ಐದು ವರ್ಷದ ಮಗಳು ಸವಿತಾ. ಡಾಕ್ಟರಾದವಳು ರೋಗಿಯನ್ನು ಹುಡುಕಿಕೊಂಡು ಊರೂರು ತಿರುಗುವುದು ರೂಢಿಯಲ್ಲ, ನಿಮಗೆ ಹಾಗೆ ಮಾಡಿ ಅಂತಲೂ ಹೇಳುವುದಿಲ್ಲ. ಅವತ್ತು ಹೋದೆ, ಅಷ್ಟೇ. ಬಸ್ಸು ಏರು ಹತ್ತಿ ಇಳಿಯುತ್ತ ಹೋದಂತೆ ಗಾಳಿ ತಣ್ಣಗಾಯಿತು. ಕಿವಿಯೊಳಗಿನ ಮಗ್ಗದ ಗುಂಯ್ ಅನ್ನುವ ಸದ್ದು ಎಲ್ಲೋ ಒಂದು ತಿರುವಿನಲ್ಲಿ ಉದುರಿಹೋಯಿತು. ಸವಿತಾ ನನ್ನ ತೊಡೆಯ ಮೇಲೆ ನಿದ್ದೆ ಹೋದಳು.

ಲಗಮವ್ವನ ತಂದೆ ಬೀರಪ್ಪ ಕುರಿ ಸಾಕಿಕೊಂಡು ಸ್ವಲ್ಪ ಹೊಲ ಮಾಡುತ್ತಿದ್ದವನು. ಹೆಗಲ ಮೇಲೆ ಕಂಬಳಿ, ನೇರ ನಿಲುವು. ಅಳಿಯನನ್ನು ಕಂಡೂ ಕಾಣದ ಹಾಗೆ ನನಗೆ ಕಟ್ಟೆಯ ಮೇಲೆ ಜಾಗ ತೋರಿಸಿದ.

"ಎಲ್ಲಾ ತಪಾಸ ಮಾಡಿದ್ರಂತ, ಏನೂ ಇಲ್ಲಂತ" ಅಂದ. "ನನ್ನ ಮಗಳು ಸಣ್ಣಾಕಿದ್ದಾಗಿಂದ ಸುಳ್ಳ ಹೇಳಿದಾಕಿ ಅಲ್ರಿ."

"ಸುಳ್ಳಲ್ಲ ಬೀರಪ್ಪಾ. ಬ್ಯಾನಿ ಖರೇ ಐತಿ. ಫೋಟೋದಾಗ ಕಾಣೂದಿಲ್ಲ, ಅಷ್ಟ."

ಅವನು ಮೊದಲ ಸಲ ಅಳಿಯನ ಕಡೆ ತಿರುಗಿ ನೋಡಿದ. "ಇಷ್ಟ ಮಾತ ಯಾರರ ಒಬ್ಬರು ಹೇಳಬೇಕಾಗಿತ್ತು" ಅಂದ.

ಲಗಮವ್ವ ಒಳಗಿನಿಂದ ಗೋಡೆ ಹಿಡಿದು ಬಂದಳು. ಗುಳಿಗೆಯನ್ನು ಅವಳು ಮುಟ್ಟಿರಲಿಲ್ಲ. ಸವಿತಾ ತಾಯಿಯನ್ನು ಕಂಡು ಓಡಿದವಳು ಎರಡು ಮಾರು ದೂರದಲ್ಲಿ ತಟ್ಟನೆ ನಿಂತಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೇಳಿದಳು, "ಅವ್ವಾ, ಮುಟ್ಲ್ಯಾ?"

ಲಗಮವ್ವ ಮೆಲ್ಲಗೆ ನೆಲಕ್ಕೆ ಕುಳಿತು ಅಂಗೈ ಚಾಚಿದಳು. "ಇಲ್ಲೆ ಮುಟ್ಟು. ಇಲ್ಲೆ ನೂಸೂದಿಲ್ಲ." ಮಗು ತನ್ನ ಬೆರಳುಗಳನ್ನು ಆ ಅಂಗೈಯ ಮೇಲಿಟ್ಟು ಪಕ್ಕದಲ್ಲಿ ಕುಳಿತಿತು. ಸಿದ್ದಪ್ಪ ಎದ್ದು ಹಟ್ಟಿಯ ಹಿಂದಕ್ಕೆ ಹೋದ. ಬಹಳ ಹೊತ್ತು ಬರಲಿಲ್ಲ.

ನಾನು ಗುಳಿಗೆಯ ವಿಷಯ ಮತ್ತೆ ಮೊದಲಿನಿಂದ ಹೇಳಿದೆ. "ನನಗ ಹುಚ್ಚ ಹಿಡದಿಲ್ಲ ಅಂತ ಅಪ್ಪನ ಮುಂದ ಇನ್ನೊಮ್ಮೆ ಹೇಳ್ರಿ" ಅಂದಳು. ಹೇಳಿದೆ. ಆಮೇಲೆ ದಿನಾ ಸ್ವಲ್ಪ ನಡೆಯಬೇಕು ಅಂದೆ. ಅವಳಿಗೆ ನಗು ಬಂತು, ಸಂತೋಷದ್ದಲ್ಲ.

"ನಡಿಯೂದು ಆಗಿದ್ರ ನಿಮ್ಮ ಕಡಿ ಯಾಕ ಬರತಿದ್ನಿ ರೀ?"

ಅಷ್ಟರಲ್ಲಿ ಬೀರಪ್ಪ ಹಟ್ಟಿಯ ಮೂಲೆಯ ಬುಟ್ಟಿಗಳನ್ನು ಎತ್ತಿದ. ಒಳಗಿದ್ದ ಕುರಿಮರಿಗಳು ತಡವರಿಸುತ್ತ ಬಿಸಿಲಿಗೆ ಬಂದವು. ಹುಟ್ಟಿ ಕೆಲವೇ ದಿನ ಆದವು. ದೊಡ್ಡ ಹಿಂಡು ಬೆಳಿಗ್ಗೆಯೇ ದೂರ ಹೋಗಿತ್ತು. ಇವನ್ನೂ ಅದರ ಜತೆ ಯಾಕೆ ಬಿಡಲಿಲ್ಲ ಅಂತ ಕೇಳಿದೆ.

"ಮರಿ ದೂರ ಹ್ವಾದ್ರ ಬಿದ್ದ ಬಿಡತಾವ್ರಿ" ಅಂದ ಬೀರಪ್ಪ. "ಇವತ್ತ ಬೇಲಿ ತನಕ. ಇನ್ನ ನಾಕ ದಿನಾ ಬಿಟ್ಟ ಬಾವಿ ತನಕ. ಕಾಲ ಗಟ್ಟಿಯಾದಂಗ ಹಿಂಡಿಗೆ ಬಿಡೂದು."

ನಾನು ಲಗಮವ್ವನನ್ನು ನೋಡಿದೆ. ಅವಳು ಮರಿಗಳನ್ನು ನೋಡುತ್ತಿದ್ದಳು.

"ಕುರಿ ಹಿಂದ ಹೋಗಬ್ಯಾಡವಾ, ಮರಿ ಹಿಂದ ಹೋಗು" ಅಂದೆ. "ಅವು ನಿಂತಲ್ಲೆ ನಿಂದರು, ಕೂತಲ್ಲೆ ಕೂಡು. ಇವತ್ತ ಬೇಲಿ ತನಕ."

ಅವಳು ಎದ್ದಳು. ಸವಿತಾ ಬೆರಳು ಹಿಡಿದಿದ್ದಳು. ಮರಿಗಳು, ಅವುಗಳ ಹಿಂದೆ ತಾಯಿ, ಮಗಳು, ಎಲ್ಲರೂ ಸಂಜೆ ಬಿಸಿಲಿನಲ್ಲಿ ಬೇಲಿಯ ಕಡೆ ಹೊರಟರು. ಎಷ್ಟು ನಿಧಾನವಾಗಿ ಅಂದರೆ, ನಡೆಯುತ್ತಿದ್ದಾರೋ ಅಥವಾ ಬಿಸಿಲೇ ಅವರ ಕಾಲ ಕೆಳಗೆ ಹಿಂದೆ ಸರಿಯುತ್ತಿದೆಯೋ ಅನ್ನಿಸುತ್ತಿತ್ತು. ಈಗಲೂ ಮಧ್ಯಾಹ್ನದ ಮಂಪರಿನಲ್ಲಿ ನನಗೆ ಹೆಚ್ಚಾಗಿ ಕಾಣುವುದು ಅದೇ. ಕನಸಿನಲ್ಲಿ ಮಾತ್ರ ಅವರು ಬೇಲಿ ದಾಟಿ ಹೋಗುತ್ತಿರುತ್ತಾರೆ.

ಸಿದ್ದಪ್ಪ ಮಗಳನ್ನು ಅಲ್ಲೇ ಬಿಟ್ಟು ಬಂದ. ಲಗಮವ್ವ ಗುಳಿಗೆ ಶುರು ಮಾಡಿದಳು. ಮೊದಮೊದಲು ಬಾಯಿ ಒಣಗುತ್ತದೆ ಅಂತ ಫೋನು ಬರುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ, "ಬಾಯಾರ, ನಿನ್ನೆ ಏನೂ ಕನಸ ಬೀಳಲಿಲ್ರಿ" ಅಂದಳು. ಮರಿಗಳು ಬಾವಿಯ ತನಕ ಹೋಗುವಷ್ಟಾಗಿದ್ದವು.

ಆ ಹುರುಪೇ ತೊಂದರೆ ಮಾಡಿತು. ಒಂದು ದಿನ ಮೈ ಹಗುರಾಗಿದೆ ಅನ್ನಿಸಿ, ದೊಡ್ಡ ಹಿಂಡಿನ ಜತೆ ನದಿಯ ದಂಡೆಯ ತನಕ ಹೋಗಿ, ಬಂದು ಮನೆಯ ಬಟ್ಟೆಯೆಲ್ಲ ಒಗೆದಳು. ಮರುದಿನ ಹಾಸಿಗೆಯಿಂದ ತಲೆ ಎತ್ತಲಾಗಲಿಲ್ಲ. "ಎಲ್ಲಾ ಹೊಳ್ಳಿ ಬಂತ್ರಿ, ಮುಗೀತ್ರಿ" ಅಂತ ಫೋನಿನಲ್ಲಿ ಅತ್ತಳು. ಇದು ಹೀಗೇ ಆಗುತ್ತದೆ. ಚೆನ್ನಾಗಿದ್ದ ದಿನ ಸಾಲ ತೀರಿಸುವವರ ಹಾಗೆ ದುಡಿಯುತ್ತಾರೆ, ಮರುದಿನ ಬೀಳುತ್ತಾರೆ. ಬಿದ್ದ ದಿನ ಹೆಚ್ಚು ಗುಳಿಗೆ ಕೊಡುವುದಕ್ಕೆ ಕೈ ಓಡುತ್ತದೆ. ಓಡಗೊಡಬೇಡಿ. ಚೆನ್ನಾಗಿದ್ದ ದಿನ ಕಡಿಮೆ ಮಾಡು, ಕೆಟ್ಟ ದಿನ ಸ್ವಲ್ಪವಾದರೂ ಮಾಡು ಅನ್ನುವುದನ್ನು ಹೇಳಬೇಕು, ಮತ್ತೆ ಮತ್ತೆ ಹೇಳಬೇಕು. ನಾನು ಅವಳಿಗೆ ಹೇಳಿದ್ದಿಷ್ಟೇ, "ಮುಗಿದಿಲ್ಲ. ನಾಳೆ ಹೊಳ್ಳಿ ಬೇಲಿ ತನಕ."

ದೀಪಾವಳಿಗೆ ಮುಂಚೆ ಸಿದ್ದಪ್ಪ ಅವಳನ್ನು ಕರೆತಂದ. ಕಲ್ಲವ್ವ ಬೇರೆ ಹೆಣ್ಣಿನ ಮಾತು ಎತ್ತಿದಾಗ, "ಆಕಿಗೆ ಬ್ಯಾನಿ ಐತಿ, ಹುಚ್ಚಿಲ್ಲ. ಇನ್ನ ಈ ಮಾತ ಮನ್ಯಾಗ ಬ್ಯಾಡ" ಅಂದನಂತೆ. ಅಷ್ಟು ದೊಡ್ಡ ಧ್ವನಿಯಲ್ಲಿ ಅವನು ತಾಯಿಯೆದುರು ಹಿಂದೆಂದೂ ಮಾತಾಡಿರಲಿಲ್ಲ ಅಂತ ಲಗಮವ್ವ ನನಗೆ ಹೇಳುವಾಗ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಶೆಡ್ಡಿನಲ್ಲಿ ಮಾಲೀಕನೊಡನೆ ಮಾತಾಡಿ ಕಾಂಡಿಯ ಬದಲು ಬಟ್ಟೆ ಮಡಚುವ ಕೆಲಸ ಕೊಡಿಸಿದ, ಅರ್ಧ ಹೊತ್ತು ಮಾತ್ರ, ನಡುವೆ ಕೂತು ಎದ್ದು ಮಾಡುವಂತೆ.

ಅತ್ತೆಯ ಮನಸ್ಸು ತಿರುಗಿತು ಅಂತ ನಾನು ಹೇಳಲಾರೆ. ಆ ಕಾಯಿಲೆಯನ್ನು ಅವಳು ಕೊನೆತನಕ ನಂಬಲಿಲ್ಲ. ಆದರೆ ಒಂದು ಬೆಳಿಗ್ಗೆ ದವಾಖಾನೆಯ ಬಾಗಿಲು ತೆಗೆಯುವಾಗ ನೋಡುತ್ತೇನೆ, ಲಗಮವ್ವ ಓಣಿಯ ತುದಿಯಿಂದ ಸವಿತಾಳ ಜತೆ ನಡೆದು ಬರುತ್ತಿದ್ದಳು. ಈ ಹೊತ್ತಿನಲ್ಲಿ ಒಲೆ ಮುಂದೆ ಇರಬೇಕಾದವಳು. ಓಣಿಯ ಆಚೆ ಬದಿಯ ತಮ್ಮ ಮನೆಯ ಬಾಗಿಲಲ್ಲಿ ಕಲ್ಲವ್ವ ಚಹದ ಪಾತ್ರೆ ಹಿಡಿದು ನಿಂತಿದ್ದಳು. ನನ್ನನ್ನು ಕಂಡು ಮುಖ ಆಚೆ ತಿರುಗಿಸಿ, ಗಾಳಿಗೆ ಹೇಳುವವಳ ಹಾಗೆ ಹೇಳಿದಳು.

"ಆ ಹೆಸರ ನನಗ ಬಾಯಾಗ ಬರೂದಿಲ್ಲ. ಚಾ ನಾ ಕಾಸ್ತೇನಿ ಅಂದೇನಿ, ಆಕಿ ನಡದ ಬರಲಿ."

ದಾದಾ ಆ ವರ್ಷದ ಚಳಿಗಾಲದಲ್ಲಿ ತೀರಿಕೊಂಡರು. ಅದಕ್ಕೆ ಕೆಲವು ದಿನ ಮೊದಲು ಮೈಯೆಲ್ಲ ನೋವು ಅಂತ ಒಬ್ಬಾಕೆ ಬಂದಾಗ ಅವರು ತಮ್ಮ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು, "ನಿದ್ದಿ ಹೆಂಗವಾ?" ಅಂತ ತಾವೇ ಕೇಳಿದ್ದರು.

ಲಗಮವ್ವನ ನೋವು ಪೂರ್ತಿ ಹೋಯಿತೇ ಅಂತ ನೀವು ಕೇಳುತ್ತೀರಿ. ಇಲ್ಲ. ಚಳಿ ಬಿದ್ದಾಗ, ಮನೆಯಲ್ಲಿ ಜಗಳವಾದಾಗ, ಹಬ್ಬದ ಕೆಲಸ ಹೆಚ್ಚಿದಾಗ ಬರುತ್ತಿತ್ತು. ಆದರೆ ಅವಳು ಫೋಟೋ ತೆಗೆಸುವುದಕ್ಕೆ ಮತ್ತೆ ಎಲ್ಲಿಯೂ ಹೋಗಲಿಲ್ಲ. ಕೆಲವು ವರ್ಷಗಳ ನಂತರ ಗುಳಿಗೆಯೂ ಬಿಟ್ಟುಹೋಯಿತು. ನಡೆಯುವುದು ಬಿಡಲಿಲ್ಲ. ನಾನು ಗುಣಪಡಿಸಿದೆ ಅನ್ನಲಾರೆ. ಅವಳು ಅದರ ಜತೆ ಬದುಕು ಮಾಡಿಕೊಂಡಳು, ನಾನು ಪಕ್ಕದಲ್ಲಿದ್ದೆ. ನಮ್ಮ ಕೆಲಸದಲ್ಲಿ ಬಹಳಷ್ಟು ಇಷ್ಟೇ ಇರುತ್ತದೆ. ಇದು ಕಡಿಮೆ ಅಂತ ನನಗೆ ಈಗ ಅನ್ನಿಸುವುದಿಲ್ಲ.

ಕಳೆದ ತಿಂಗಳು ತೌರಿಗೆ ಹೋಗುವ ದಾರಿಯಲ್ಲಿ ಗಡಹಿಂಗ್ಲಜದಲ್ಲಿ ಇಳಿದು ನನ್ನ ಮನೆ ಕೇಳಿಕೊಂಡು ಬಂದಿದ್ದಳು. ಕೂದಲಲ್ಲಿ ಬೆಳ್ಳಿ ಎಳೆಗಳು ಬಂದಿವೆ. ಸವಿತಾ ತಾಯಿಗಿಂತ ಎತ್ತರ ಬೆಳೆದಿದ್ದಾಳೆ, ಕಾಲೇಜಿಗೆ ಹೋಗುತ್ತಾಳೆ. ರೊಟ್ಟಿ, ಪುಂಡಿಪಲ್ಯ ಊಟ ಮಾಡಿದೆವು. ಕೋವಾಡದ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಒಳಗೆ ಚಹ ಮಾಡಲು ಹೋಗಿ ಬರುವಷ್ಟರಲ್ಲಿ ಲಗಮವ್ವ ಪಡಸಾಲೆಯ ಚಾಪೆಯ ಮೇಲೆ, ಕೈಯನ್ನೇ ದಿಂಬು ಮಾಡಿಕೊಂಡು ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಉಸಿರು ಉದ್ದಕ್ಕೆ, ಸಮನಾಗಿ ಬರುತ್ತಿತ್ತು. ಹೊರಗಿನ ಬಿಸಿಲು ಮೆಲ್ಲಗೆ ಹೊಸ್ತಿಲು ದಾಟಿ ಅವಳ ಪಾದದ ಹತ್ತಿರ ಬಂದು ನಿಂತಿತ್ತು.

ಸವಿತಾ ಫೋನಿನಲ್ಲಿ ಹೊತ್ತು ನೋಡಿದಳು. "ಬಸ್ಸಿನ ಹೊತ್ತಾತ್ರಿ ಅಜ್ಜಿ. ಎಬ್ಬಸ್ಲ್ಯಾ?"

"ಬ್ಯಾಡ" ಅಂದೆ. "ಬಸ್ ಇನ್ನೊಂದ ಬರತೈತಿ."

ಅವಳು ಫೋನು ಕೆಳಗಿಟ್ಟಳು. ಇಬ್ಬರೂ ಸದ್ದು ಮಾಡದೆ ಚಹ ಕುಡಿದೆವು.